ತಟ್ಟಿದರೆ ಕಲ್ಲು ಮಾತಾಡುತ್ತದೆ



ಸಂತೆಯಲ್ಲಿ ಮಡಕೆ ಕೊಳ್ಳುವವರನ್ನು ನೀವು ನೋಡಿದ್ದೀರಿ. ಮಡಕೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ. 'ಠಣ್' ಎಂದರೆ ಮಡಕೆ ಗಟ್ಟಿಯಾಗಿದೆ. 'ದಬ್' ಎಂದರೆ ಎಲ್ಲೋ ಸೀಳು ಬಿಟ್ಟಿದೆ. ಆ ಸೀಳು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡುವುದೂ, ತೆಂಗಿನಕಾಯಿಯನ್ನು ಕುಟ್ಟಿ ನೋಡುವುದೂ ಇದೇ ಉಪಾಯ. ವಸ್ತುವನ್ನು ಒಡೆಯದೆ, ಕೊಯ್ಯದೆ ಅದರ ಒಳಗಿನ ಸ್ಥಿತಿಯನ್ನು ಶಬ್ದದಿಂದ ತಿಳಿಯುವುದು.

ಈಗ ಒಂದು ಕಷ್ಟದ ಪ್ರಶ್ನೆ. ಮಡಕೆಯ ಬದಲು ನಿಮ್ಮ ಮುಂದೆ ಹತ್ತಾರು ಕಿಲೋಮೀಟರ್ ಹರಡಿರುವ ಕಲ್ಲಿನ ನೆಲ ಇದೆ. ನೆಲದಿಂದ 700 ಮೀಟರ್ ಕೆಳಗೆ ಆ ಕಲ್ಲಿನಲ್ಲಿ ಬಿರುಕು ಇದೆಯೇ, ಇಲ್ಲವೇ ಎಂದು ಹೇಳಬೇಕು. ಬಿರುಕು ಇದ್ದರೆ ಅದು ಯಾವ ದಿಕ್ಕಿಗೆ ವಾಲಿದೆ, ಅದರಲ್ಲಿ ನೀರು ಹರಿಯುತ್ತದೆಯೇ ಎಂಬುದನ್ನೂ ಹೇಳಬೇಕು. ತಪ್ಪು ಹೇಳುವಂತಿಲ್ಲ. ಏಕೆಂದರೆ ಆ ಕಲ್ಲಿನೊಳಗೆ ಇಡಲು ಹೊರಟಿರುವುದು ಬಹು ಕಾಲ ಅಪಾಯಕಾರಿಯಾಗಿ ಉಳಿಯುವ ವಸ್ತು. ಇಂಥ ಕಲ್ಲನ್ನು ವಿಜ್ಞಾನಿಗಳು ಹೇಗೆ 'ತಟ್ಟಿ' ನೋಡುತ್ತಾರೆ? ಬನ್ನಿ, ತಿಳಿಯೋಣ.

ಯಾವುದು ಆ ವಸ್ತು?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಅಣು ವಿದ್ಯುತ್ ಕೇಂದ್ರವಿದೆ. ಅಲ್ಲಿ ಸೌದೆಯನ್ನೋ ಕಲ್ಲಿದ್ದಲನ್ನೋ ಉರಿಸುವುದಿಲ್ಲ. ಯುರೇನಿಯಂ ಎಂಬ ಲೋಹದ ಪರಮಾಣುಗಳು ಒಡೆಯುವಾಗ ಹೊರಬೀಳುವ ಶಾಖದಿಂದ ನೀರನ್ನು ಆವಿ ಮಾಡುತ್ತಾರೆ. ಆ ಆವಿ ಚಕ್ರಗಳನ್ನು ತಿರುಗಿಸುತ್ತದೆ, ವಿದ್ಯುತ್ ಹುಟ್ಟುತ್ತದೆ. ಕೈಗಾದ ರಿಯಾಕ್ಟರುಗಳು 'ಭಾರಜಲ' ಬಳಸುವ ಬಗೆಯವು. ಕೆನಡಾ ದೇಶದ ರಿಯಾಕ್ಟರುಗಳೂ ಇದೇ ಕುಟುಂಬಕ್ಕೆ ಸೇರಿದವು. ಇವುಗಳಲ್ಲಿ ಯುರೇನಿಯಂ ಇಂಧನವು ಸುಮಾರು ಅರ್ಧ ಮೀಟರ್ ಉದ್ದದ ಕಟ್ಟುಗಳಲ್ಲಿ ಇರುತ್ತದೆ. ನೋಡಲು ಒಲೆಗೆ ಹಾಕುವ ಸೌದೆ ತುಂಡಿನಷ್ಟೇ ದೊಡ್ಡದು.

ಸೌದೆ ಉರಿದ ಮೇಲೆ ಬೂದಿ ಉಳಿಯುವಂತೆ, ಇಲ್ಲಿಯೂ ತ್ಯಾಜ್ಯ ಉಳಿಯುತ್ತದೆ. ಒಲೆಯ ಬೂದಿ ಸಂಜೆಯೊಳಗೆ ತಣ್ಣಗಾಗುತ್ತದೆ, ತೊಂದರೆ ಕೊಡುವುದಿಲ್ಲ. ಪರಮಾಣು ತ್ಯಾಜ್ಯ ಹಾಗಲ್ಲ. ಅದು ಬಿಸಿಯಾಗಿರುತ್ತದೆ, ಕಣ್ಣಿಗೆ ಕಾಣದ ವಿಕಿರಣವನ್ನು ಹೊರಸೂಸುತ್ತದೆ. ಹೆಚ್ಚಿನ ವಿಕಿರಣ ದೇಹಕ್ಕೆ ತಗುಲಿದರೆ ಜೀವಕೋಶಗಳು ಹಾಳಾಗುತ್ತವೆ.

ಈ ವಿಕಿರಣ ಕಾಲ ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಅದಕ್ಕೆ ಎಷ್ಟು ಕಾಲ ಬೇಕು? ತ್ಯಾಜ್ಯದಲ್ಲಿರುವ ಸೀಸಿಯಂ-137 ಎಂಬ ವಸ್ತು ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಸಾಕು. ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಬೇಕು! ಉಳಿದರ್ಧ ಮತ್ತೆ ಅರ್ಧವಾಗಲು ಇನ್ನೂ 24,000 ವರ್ಷ.

ಇದನ್ನು ಹೀಗೆ ಯೋಚಿಸಿ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಬರೆದದ್ದು ಕ್ರಿ.ಶ. ಸುಮಾರು 450ರಲ್ಲಿ. ಅಂದರೆ ಸುಮಾರು 1,550 ವರ್ಷಗಳ ಹಿಂದೆ. ಅದೂ ಕನ್ನಡವೇ, ಆದರೆ ಅದರ ಲಿಪಿಯನ್ನು ಇಂದು ನೀವಾಗಲಿ ನಿಮ್ಮ ಮನೆಯವರಾಗಲಿ ಸುಲಭವಾಗಿ ಓದಲಾಗದು. ಹಾಗಿದ್ದರೆ 24,000 ವರ್ಷಗಳ ನಂತರ ಬರುವವರಿಗೆ "ಇಲ್ಲಿ ಅಗೆಯಬೇಡಿ, ಅಪಾಯ" ಎಂದು ಫಲಕ ಬರೆದು ನಿಲ್ಲಿಸಿದರೆ ಸಾಕೇ? ಅದನ್ನು ಓದುವವರು ಯಾರು? ಫಲಕವನ್ನು ನಂಬುವಂತಿಲ್ಲ, ಕಾವಲುಗಾರನನ್ನೂ ನಂಬುವಂತಿಲ್ಲ. ಮನುಷ್ಯರ ನೆರವಿಲ್ಲದೆ ತಾನೇ ಕಾಯುವ ಒಂದು ಕಾವಲು ಬೇಕು.

ಕಲ್ಲಿನ ಹಗೇವು

ಹಿಂದೆ ನಮ್ಮ ಹಳ್ಳಿಗಳಲ್ಲಿ ರಾಗಿ, ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಹಗೇವು ತೋಡುವ ಮೊದಲು ಹಿರಿಯರು ನೋಡುತ್ತಿದ್ದದ್ದು ಒಂದೇ ವಿಷಯ: ಈ ಜಾಗಕ್ಕೆ ನೀರು ಜಿನುಗುತ್ತದೆಯೇ? ನೀರು ಹೊಕ್ಕರೆ ಕಾಳು ಕೆಟ್ಟಿತು ಎಂದೇ ಅರ್ಥ.

ಪರಮಾಣು ತ್ಯಾಜ್ಯಕ್ಕೂ ವಿಜ್ಞಾನಿಗಳು ಯೋಚಿಸಿರುವುದು ಒಂದು ಬಗೆಯ ಹಗೇವನ್ನೇ. ನೂರಾರು ಮೀಟರ್ ಆಳದಲ್ಲಿ, ಕೋಟ್ಯಂತರ ವರ್ಷಗಳಿಂದ ಅಲುಗಾಡದೆ ಕುಳಿತಿರುವ ಗಟ್ಟಿ ಕಲ್ಲಿನಲ್ಲಿ ಸುರಂಗ ಕೊರೆಯುವುದು. ತ್ಯಾಜ್ಯವನ್ನು ಲೋಹದ ಗಟ್ಟಿ ಪೆಟ್ಟಿಗೆಗಳಲ್ಲಿ ಮುಚ್ಚಿ ಅಲ್ಲಿಡುವುದು. ಸುತ್ತಲೂ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ತುಂಬುವುದು. ನೀರು ತಗುಲಿದರೆ ಈ ಮಣ್ಣು ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತದೆ.

ಒಂದು ವ್ಯತ್ಯಾಸವಿದೆ. ಹಗೇವಿನಲ್ಲಿ ಕಾಳು ಇಡುವುದು ಮುಂದೊಂದು ದಿನ ಹೊರತೆಗೆಯಲು. ಇಲ್ಲಿ ಇಡುವುದು ಹೊರಬಾರದಿರಲಿ ಎಂದು. ಇಲ್ಲಿಯೂ ಶತ್ರು ನೀರೇ. ಕಲ್ಲಿನ ಬಿರುಕಿನಲ್ಲಿ ನೀರು ಹರಿದು ಬಂದು ಪೆಟ್ಟಿಗೆಯನ್ನು ತಿಂದರೆ, ವಿಕಿರಣ ವಸ್ತು ಆ ನೀರಿನಲ್ಲಿ ಕರಗಿ ನಿಧಾನವಾಗಿ ಮೇಲಿನ ಬಾವಿ, ಕೆರೆ, ಹೊಲಗಳಿಗೆ ಬರಬಹುದು. ಆದ್ದರಿಂದಲೇ ಬಿರುಕಿನ ಹುಡುಕಾಟಕ್ಕೆ ಇಷ್ಟು ಮಹತ್ವ.

ತಮಾಷೆ ನೋಡಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೈತರು ಗಟ್ಟಿ ಕಲ್ಲಿನಲ್ಲಿ ಕೊಳವೆಬಾವಿ ಕೊರೆಸುವಾಗ "ಬಿರುಕು ಸಿಗಲಿ, ನೀರು ಬರಲಿ" ಎಂದು ದೇವರಿಗೆ ಹರಕೆ ಹೊರುತ್ತಾರೆ. ಕಣಜಕ್ಕೆ ಜಾಗ ಹುಡುಕುವವರೂ ಕಲ್ಲಿನಲ್ಲಿ ಕೊಳವೆಬಾವಿ ಕೊರೆಸುತ್ತಾರೆ. ಆದರೆ ಅವರ ಆಸೆ "ಬಿರುಕು ಸಿಗದಿರಲಿ, ನೀರು ಬಾರದಿರಲಿ" ಎಂದು!

ಶಬ್ದದ ಓಟ

ಶಬ್ದವು ಒಂದೊಂದು ವಸ್ತುವಿನಲ್ಲಿ ಒಂದೊಂದು ವೇಗದಲ್ಲಿ ಓಡುತ್ತದೆ. ಒಂದು ಸೆಕೆಂಡಿನಲ್ಲಿ ಅದು ಸಾಗುವ ದೂರ ಸುಮಾರು ಹೀಗಿದೆ:

ಗಾಳಿಯಲ್ಲಿ – 340 ಮೀಟರ್
ನೀರಿನಲ್ಲಿ – 1,500 ಮೀಟರ್
ಬಿರುಕಿಲ್ಲದ ಗಟ್ಟಿ ಗ್ರಾನೈಟ್ ಕಲ್ಲಿನಲ್ಲಿ – 5,000ದಿಂದ 6,000 ಮೀಟರ್

ಕಲ್ಲಿನಲ್ಲಿ ಏಕೆ ಇಷ್ಟು ವೇಗ? ಶಬ್ದ ಎಂದರೆ ಕಂಪನ. ಒಂದು ಕಣ ಪಕ್ಕದ ಕಣವನ್ನು ತಳ್ಳುತ್ತದೆ, ಅದು ಮುಂದಿನದನ್ನು ತಳ್ಳುತ್ತದೆ. ಗಟ್ಟಿ ಕಲ್ಲಿನಲ್ಲಿ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಆದ್ದರಿಂದ ತಳ್ಳು ಬೇಗ ದಾಟುತ್ತದೆ. ಕಲ್ಲಿನಲ್ಲಿ ಬಿರುಕುಗಳಿದ್ದರೆ ಆ ಬಿಗಿ ಸಡಿಲವಾಗುತ್ತದೆ. ಶಬ್ದ ನಿಧಾನವಾಗುತ್ತದೆ, ಸೊರಗುತ್ತದೆ.

ಇದೇ ಇಡೀ ಪರೀಕ್ಷೆಯ ಬೀಜಮಂತ್ರ: ಬೇಗ ಮತ್ತು ಜೋರಾಗಿ ಬಂದರೆ ಕಲ್ಲು ಗಟ್ಟಿ, ತಡವಾಗಿ ಮತ್ತು ಸಣ್ಣಗೆ ಬಂದರೆ ಅನುಮಾನಿಸು.

ಮಾಡಿ ನೋಡಿ – 1
ತರಗತಿಯ ಉದ್ದನೆಯ ಮರದ ಬೆಂಚಿನ ಒಂದು ತುದಿಗೆ ಕಿವಿಯಿಟ್ಟು ಕೂರಿ. ಇನ್ನೊಂದು ತುದಿಯಲ್ಲಿ ಗೆಳೆಯನೊಬ್ಬ ಉಗುರಿನಿಂದ ಮೆಲ್ಲಗೆ ಕೆರೆಯಲಿ. ಈಗ ಕಿವಿಯನ್ನು ಬೆಂಚಿನಿಂದ ಎತ್ತಿ ಅದೇ ಸದ್ದನ್ನು ಕೇಳಿ. ಯಾವಾಗ ಚೆನ್ನಾಗಿ ಕೇಳಿಸಿತು? ಆಮೇಲೆ ಎರಡು ಬೆಂಚುಗಳನ್ನು ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು ಸಾಲಾಗಿಟ್ಟು ಮತ್ತೆ ಮಾಡಿ ನೋಡಿ. ಆ ಸಂದೇ ನಿಮ್ಮ 'ಬಿರುಕು'.

ಬಾವಿಯೊಳಗೆ ಇಳಿಯುವ ಕಿವಿ

ಪರೀಕ್ಷೆಗಾಗಿ ಕೊರೆಯುವ ಕೊಳವೆಬಾವಿ ಸಣ್ಣದು. ಅದರ ಬಾಯಿ ಸುಮಾರು ಒಂದು ಗೇಣಿಗಿಂತ ಕಡಿಮೆ ಅಗಲ. ಆದರೆ ಆಳ ಒಂದು ಕಿಲೋಮೀಟರ್ ಇರಬಹುದು. ಕೊರೆಯುವಾಗಲೇ ಒಳಗಿನ ಕಲ್ಲನ್ನು ಉದ್ದನೆಯ ಕೋಲಿನಂತೆ ಹೊರತೆಗೆದು, ಆಳದ ಗುರುತು ಬರೆದು ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಾರೆ.

"ಹಾಗಾದರೆ ಆ ಕಲ್ಲನ್ನೇ ಪರೀಕ್ಷಿಸಿದರೆ ಸಾಲದೇ? ಬಾವಿಯೊಳಗೆ ಏಕೆ ಇಳಿಯಬೇಕು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆಳದಲ್ಲಿ ಕಲ್ಲನ್ನು ಸುತ್ತಲಿನ ಕಲ್ಲು ಎಲ್ಲ ಕಡೆಯಿಂದಲೂ ಬಲವಾಗಿ ಒತ್ತಿಕೊಂಡಿರುತ್ತದೆ. ಅದನ್ನು ಕತ್ತರಿಸಿ ಮೇಲೆ ತಂದಾಗ ಆ ಒತ್ತಡ ಬಿಟ್ಟುಹೋಗುತ್ತದೆ. ಬಿಗಿದು ಕಟ್ಟಿದ ಹತ್ತಿಯ ಮೂಟೆಯ ಹಗ್ಗ ಬಿಚ್ಚಿದಂತೆ ಕಲ್ಲು ತುಸು ಹಿಗ್ಗಿ, ಅದರೊಳಗೆ ಕೂದಲೆಳೆಗಿಂತ ಸಣ್ಣ ಹೊಸ ಬಿರುಕುಗಳು ಬಿಡುತ್ತವೆ. ಮೇಲೆ ಬಂದ ಕಲ್ಲು ಕೆಳಗಿದ್ದ ಕಲ್ಲಿನಂತೆ ಇರುವುದಿಲ್ಲ. ಆದ್ದರಿಂದ ಕಲ್ಲನ್ನು ಅದಿದ್ದ ಜಾಗದಲ್ಲೇ ಮಾತನಾಡಿಸಬೇಕು.

ಇದಕ್ಕಾಗಿ ಲೋಹದ ಉದ್ದನೆಯ ಕೊಳವೆಯಂಥ ಉಪಕರಣವೊಂದನ್ನು ತಂತಿಗೆ ಕಟ್ಟಿ, ನೀರು ತುಂಬಿದ ಬಾವಿಯೊಳಗೆ ಇಳಿಬಿಡುತ್ತಾರೆ. ಅದರ ಒಂದು ಕಡೆ ಶಬ್ದ ಹುಟ್ಟಿಸುವ ಭಾಗ ಇರುತ್ತದೆ. ಅದನ್ನು 'ಬಾಯಿ' ಎನ್ನೋಣ. ಸ್ವಲ್ಪ ದೂರದಲ್ಲಿ ಒಂದರ ನಂತರ ಒಂದು ಶಬ್ದ ಕೇಳುವ ಭಾಗಗಳಿರುತ್ತವೆ. ಅವು 'ಕಿವಿ'ಗಳು. ಬಾಯಿ 'ಟಕ್' ಎನ್ನುತ್ತದೆ. ಶಬ್ದ ನೀರನ್ನು ದಾಟಿ ಬಾವಿಯ ಗೋಡೆಯ ಕಲ್ಲಿಗೆ ಹೋಗುತ್ತದೆ, ಕಲ್ಲಿನ ಉದ್ದಕ್ಕೂ ಓಡುತ್ತದೆ, ಮತ್ತೆ ನೀರನ್ನು ದಾಟಿ ಮೊದಲ ಕಿವಿಗೂ ಆಮೇಲೆ ಎರಡನೆಯ ಕಿವಿಗೂ ಮುಟ್ಟುತ್ತದೆ. ಶಬ್ದವು ಉಪಕರಣದ ಲೋಹದಲ್ಲೇ ಓಡಿಬಂದು ಮೋಸ ಮಾಡಬಾರದಲ್ಲವೇ? ಅದಕ್ಕಾಗಿ ಲೋಹದ ಮೈಯಲ್ಲಿ ಸೀಳುಗಳನ್ನು ಕೊರೆದು ಆ ದಾರಿಯನ್ನು ಸುತ್ತುಬಳಸು ಮಾಡಿರುತ್ತಾರೆ.

ಎರಡು ಕಿವಿಗಳು ಏಕೆ? ಶಬ್ದ ನೀರಿನಲ್ಲಿ ಕಳೆದ ಸಮಯ ಎರಡೂ ಕಿವಿಗಳಿಗೆ ಸಮ. ಎರಡನೆಯ ಕಿವಿಯ ಸಮಯದಿಂದ ಮೊದಲ ಕಿವಿಯ ಸಮಯ ಕಳೆದರೆ ನೀರಿನ ಪಾಲು ಹೊರಟುಹೋಗುತ್ತದೆ. ಉಳಿಯುವುದು ಎರಡು ಕಿವಿಗಳ ನಡುವಿನ ಕಲ್ಲಿನಲ್ಲಿ ಓಡಿದ ಸಮಯ ಮಾತ್ರ.

ಲೆಕ್ಕ ಹಾಕಿ
ಎರಡು ಕಿವಿಗಳ ನಡುವಿನ ದೂರ 60 ಸೆಂಟಿಮೀಟರ್ ಎಂದುಕೊಳ್ಳೋಣ. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ 'ಒಂದು ಮೈಕ್ರೋಸೆಕೆಂಡ್'. ಒಂದು ಆಳದಲ್ಲಿ ಶಬ್ದಕ್ಕೆ 100 ಮೈಕ್ರೋಸೆಕೆಂಡ್ ಬೇಕಾಯಿತು. ಹಾಗಾದರೆ ವೇಗ ಸೆಕೆಂಡಿಗೆ 6,000 ಮೀಟರ್. ಕಲ್ಲು ಗಟ್ಟಿಯಾಗಿದೆ. ಇನ್ನಷ್ಟು ಕೆಳಗೆ 120 ಮೈಕ್ರೋಸೆಕೆಂಡ್ ಆಯಿತು. ಮತ್ತೊಂದು ಕಡೆ 150 ಮೈಕ್ರೋಸೆಕೆಂಡ್. ಈ ಎರಡು ಕಡೆಗಳಲ್ಲಿ ವೇಗವೆಷ್ಟು? ಯಾವ ಜಾಗದ ಮೇಲೆ ನಿಮಗೆ ಅನುಮಾನ? (ಉತ್ತರ ಕೊನೆಯಲ್ಲಿದೆ.)

ಉಪಕರಣವನ್ನು ನಿಧಾನವಾಗಿ ಮೇಲೆಳೆಯುತ್ತಾ ಹೀಗೆ ಬಾವಿಯ ಉದ್ದಕ್ಕೂ ಅಳೆಯುತ್ತಾರೆ. ಬಾವಿಯ ತಳದಿಂದ ಬಾಯಿಯವರೆಗೆ ಕಲ್ಲಿನ 'ಜಾತಕ' ಸಿದ್ಧವಾಗುತ್ತದೆ.

ಮೂರು ಬಗೆಯ ಅಲೆಗಳು

ಒಂದು 'ಟಕ್'ನಿಂದ ಒಂದೇ ಅಲೆ ಬರುವುದಿಲ್ಲ. ಮೂರು ಮುಖ್ಯ ಅಲೆಗಳು ಬರುತ್ತವೆ. ಅವನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಂತು ಆಡಿ ತಿಳಿಯಬಹುದು.

ಮೊದಲನೆಯದು ಪ್ರಾಥಮಿಕ ಅಲೆ. ಒಬ್ಬರ ಹಿಂದೊಬ್ಬರು ಹತ್ತಿರ ಹತ್ತಿರ ನಿಲ್ಲಿ. ಕೊನೆಯವರು ಮುಂದಿನವರ ಬೆನ್ನನ್ನು ಮೆಲ್ಲಗೆ ತಳ್ಳಲಿ. ತಳ್ಳು ಮುಂದುವರಿದು ಸಾಲಿನ ಮೊದಲಿಗರಿಗೆ ಮುಟ್ಟುತ್ತದೆ. ಈ ಅಲೆ ಎಲ್ಲಕ್ಕಿಂತ ಬೇಗ ಬರುತ್ತದೆ. ಕಲ್ಲಿನಲ್ಲೂ ನೀರಿನಲ್ಲೂ ಗಾಳಿಯಲ್ಲೂ ಓಡುತ್ತದೆ.

ಎರಡನೆಯದು ದ್ವಿತೀಯ ಅಲೆ. ಈಗ ಅಕ್ಕಪಕ್ಕ ನಿಂತು ಕೈ ಕೈ ಹಿಡಿದುಕೊಳ್ಳಿ. ತುದಿಯಲ್ಲಿರುವವರು ಹಿಂದಕ್ಕೂ ಮುಂದಕ್ಕೂ ತೂಗಲಿ. ಹಿಡಿದ ಕೈಗಳ ಮೂಲಕ ತೂಗಾಟ ಸಾಲಿನ ಇನ್ನೊಂದು ತುದಿಗೆ ಹೋಗುತ್ತದೆ. ನಡುವೆ ಇಬ್ಬರು ಕೈ ಬಿಟ್ಟರೆ? ತೂಗಾಟ ಅಲ್ಲಿಗೇ ನಿಲ್ಲುತ್ತದೆ. ನೀರಿನ ಕಣಗಳು ಹೀಗೆ ಬಿಗಿಯಾಗಿ ಕೈ ಹಿಡಿದಿರುವುದಿಲ್ಲ. ಆದ್ದರಿಂದ ದ್ವಿತೀಯ ಅಲೆ ನೀರಿನೊಳಗೆ ಸಾಗಲಾರದು. ಕಲ್ಲಿನಲ್ಲಿ ನೀರು ತುಂಬಿದ ತೆರೆದ ಬಿರುಕು ಅಡ್ಡ ಬಂದರೆ ಈ ಅಲೆ ಬಹಳ ಸೊರಗುತ್ತದೆ. ಬಿರುಕು ಹಿಡಿಯಲು ಇದು ಒಳ್ಳೆಯ ಪತ್ತೇದಾರ.

ಮೂರನೆಯದು ಕೊಳವೆ ಅಲೆ. ಇದು ಬಾವಿಯೊಳಗಿನ ನೀರಿನ ಕಂಬದ ಉದ್ದಕ್ಕೂ ಗೋಡೆಗೆ ಅಂಟಿಕೊಂಡು ಹೋಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ನಡುವೆ ಎಲ್ಲೋ ಸೀಳಿದ್ದರೆ ತುದಿಯಲ್ಲಿ ನೀರಿನ ರಭಸ ಕಡಿಮೆಯಾಗುತ್ತದಲ್ಲವೇ? ಹಾಗೆಯೇ ಈ ಅಲೆ ಬಾಯ್ದೆರೆದ ಬಿರುಕಿನ ಬಳಿ ಬಂದಾಗ ಸ್ವಲ್ಪ ನೀರನ್ನು ಬಿರುಕಿನೊಳಗೆ ನೂಕುತ್ತದೆ. ಅಲೆಯ ಶಕ್ತಿ ಸೋರಿಹೋಗುತ್ತದೆ, ಒಂದು ಪಾಲು ಹಿಂದಕ್ಕೂ ಚಿಮ್ಮುತ್ತದೆ. ಹೀಗಾಗಿ "ಈ ಬಿರುಕಿನಲ್ಲಿ ನೀರು ಆಡಬಲ್ಲದು" ಎಂಬ ಸುಳಿವನ್ನು ಕೊಳವೆ ಅಲೆ ಕೊಡುತ್ತದೆ.

ಶಬ್ದ ತೆಗೆಯುವ ಚಿತ್ರ

ಮತ್ತೊಂದು ಉಪಕರಣವಿದೆ. ಅದು ಬಾವಲಿಯ ಉಪಾಯವನ್ನು ಬಳಸುತ್ತದೆ. ಬಾವಲಿ ನಮಗೆ ಕೇಳಿಸದ ಕೂಗು ಹಾಕಿ ಅದರ ಪ್ರತಿಧ್ವನಿಯಿಂದ ಕತ್ತಲೆಯಲ್ಲಿ ದಾರಿ ಕಂಡುಕೊಳ್ಳುತ್ತದೆ. ಮನುಷ್ಯರ ಕಿವಿಗೆ ಸೆಕೆಂಡಿಗೆ 20ರಿಂದ 20,000 ಸಲ ಕಂಪಿಸುವ ಶಬ್ದ ಮಾತ್ರ ಕೇಳಿಸುತ್ತದೆ. ಈ ಉಪಕರಣದ ಶಬ್ದ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಂಪಿಸುತ್ತದೆ. ಶಬ್ದದ ಕಿರಣ ಬಾವಿಯ ಗೋಡೆಯ ಸುತ್ತಲೂ ತಿರುಗುತ್ತಾ ಅದನ್ನು ಸವರುತ್ತದೆ. ನಯವಾದ ಗೋಡೆಯಿಂದ ಪ್ರತಿಧ್ವನಿ ಜೋರಾಗಿ ಬರುತ್ತದೆ. ಬಿರುಕಿನ ಬಾಯಿಯಿಂದ ಕ್ಷೀಣವಾಗಿ ಬರುತ್ತದೆ. ಇವನ್ನೆಲ್ಲ ಜೋಡಿಸಿದರೆ ಬಾವಿಯ ಗೋಡೆಯ ಚಿತ್ರವೇ ಮೂಡುತ್ತದೆ. ಬಾವಿಯನ್ನು ಉದ್ದಕ್ಕೆ ಸೀಳಿ ಚಾಪೆಯಂತೆ ಬಿಚ್ಚಿ ಹಾಸಿದ ಹಾಗೆ!

ಆ ಚಿತ್ರದಲ್ಲಿ ಓರೆಯಾದ ಬಿರುಕು ನೇರ ಗೆರೆಯಾಗಿ ಕಾಣುವುದಿಲ್ಲ, ಅಲೆಯಂತೆ ಬಳುಕಿ ಕಾಣುತ್ತದೆ. ಏಕೆ? ನೀವೇ ಕಂಡುಹಿಡಿಯಿರಿ.

ಮಾಡಿ ನೋಡಿ – 2
ಒಂದು ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ ಬಿರಡೆ ಬಿಗಿ ಮಾಡಿ. ಅದರ ಸುತ್ತ ಒಂದು ಕಾಗದವನ್ನು ಒಂದೇ ಸುತ್ತು ಬರುವಂತೆ ಸುತ್ತಿ ಅಂಚಿಗೆ ಅಂಟು ಹಚ್ಚಿ. ಬಾಟಲಿಯನ್ನು ಓರೆಯಾಗಿ ಹಿಡಿದು ಬಕೆಟ್ ನೀರಿನಲ್ಲಿ ಅರ್ಧದಷ್ಟು ಅದ್ದಿ ತಕ್ಷಣ ಹೊರತೆಗೆಯಿರಿ. ಒದ್ದೆಯ ಅಂಚಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕಾಗದವನ್ನು ಬಿಚ್ಚಿ ಹಾಸಿ ನೋಡಿ. ನೀರಿನ ಮಟ್ಟ ಚಪ್ಪಟೆ, ಆದರೆ ಕಾಗದದ ಮೇಲೆ ಅದು ಅಲೆಯಾಗಿದೆ! ಬಾಟಲಿಯನ್ನು ಇನ್ನಷ್ಟು ಓರೆ ಮಾಡಿದರೆ ಅಲೆ ಎತ್ತರವಾಗುತ್ತದೆಯೇ? ನೋಡಿ ಬರೆದಿಡಿ. ಅಲೆಯ ಎತ್ತರದಿಂದ ಬಿರುಕು ಎಷ್ಟು ವಾಲಿದೆ ಎಂದೂ, ಅದರ ತಗ್ಗಿನಿಂದ ಯಾವ ದಿಕ್ಕಿಗೆ ವಾಲಿದೆ ಎಂದೂ ವಿಜ್ಞಾನಿಗಳು ಓದುತ್ತಾರೆ.

ಕಲ್ಲು ಮುರಿಯುವ ಸದ್ದು

ಇಲ್ಲಿಯವರೆಗೆ ನಾವು ತಟ್ಟಿ ಕೇಳುವುದನ್ನು ನೋಡಿದೆವು. ತಟ್ಟದೆ ಸುಮ್ಮನೆ ಕಿವಿಗೊಟ್ಟು ಕೇಳುವ ಪರೀಕ್ಷೆಯೂ ಇದೆ. ಕಲ್ಲಿನೊಳಗೆ ಸಣ್ಣ ಬಿರುಕು ಬಿಡುವಾಗ, ಒಣಕಡ್ಡಿ ಮುರಿದಂತೆ 'ಚಟ್' ಎಂಬ ಅತಿ ಸಣ್ಣ ಸದ್ದು ಹೊರಡುತ್ತದೆ.

ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ ಗ್ರಾನೈಟ್ ಕಲ್ಲಿನೊಳಗೆ ಒಂದು ನೆಲದಡಿಯ ಪ್ರಯೋಗಾಲಯ ಕಟ್ಟಿದ್ದರು. ಅಲ್ಲಿ ತ್ಯಾಜ್ಯವನ್ನು ಹೂಳಲಿಲ್ಲ, ಕಲ್ಲಿನ ಸ್ವಭಾವವನ್ನು ಮಾತ್ರ ಕಲಿತರು. 1991–92ರಲ್ಲಿ 420 ಮೀಟರ್ ಆಳದಲ್ಲಿ ಒಂದು ಮುಖ್ಯ ಪ್ರಯೋಗ ನಡೆಯಿತು. 3.5 ಮೀಟರ್ ಅಗಲದ ದುಂಡನೆಯ ಸುರಂಗವನ್ನು ಬಹಳ ಎಚ್ಚರದಿಂದ ತೋಡಿದರು. ಕಲ್ಲಿಗೆ ಪೆಟ್ಟಾಗಬಾರದೆಂದು ಸಿಡಿಮದ್ದನ್ನೇ ಬಳಸಲಿಲ್ಲ. ಸಾಲಾಗಿ ತೂತು ಕೊರೆದು, ಯಂತ್ರದಿಂದ ಕಲ್ಲನ್ನು ಅಗಲಿಸಿ ಸೀಳಿ ತೆಗೆದರು. ಸುತ್ತಲಿನ ಕಲ್ಲಿನಲ್ಲಿ ಮೊದಲೇ ಕಂಪನ ಅಳೆಯುವ 'ಕಿವಿ'ಗಳನ್ನು ಇಟ್ಟಿದ್ದರು.

ಏನು ಕೇಳಿಸಿತು? ಅಷ್ಟು ನಾಜೂಕಾಗಿ ತೋಡಿದರೂ ಸಾವಿರಾರು 'ಚಟ್' ಸದ್ದುಗಳು! ಒಂದೇ ಸದ್ದು ಬೇರೆ ಬೇರೆ ಕಿವಿಗಳಿಗೆ ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಪ್ರತಿಯೊಂದು ಸದ್ದು ಎಲ್ಲಿ ಹುಟ್ಟಿತೆಂದು ಲೆಕ್ಕ ಹಾಕಿದರು. ಸದ್ದುಗಳು ಎಲ್ಲೆಂದರಲ್ಲಿ ಇರಲಿಲ್ಲ. ಸುರಂಗದ ಚಾವಣಿಯ ಮತ್ತು ನೆಲದ ಕಡೆ ಗುಂಪುಗೂಡಿದ್ದವು. ಸ್ವಲ್ಪ ಕಾಲದಲ್ಲೇ ಆ ಜಾಗಗಳಲ್ಲಿ ಕಲ್ಲು ಪದರ ಪದರವಾಗಿ ಉದುರಿ, ಕತ್ತರಿಸಿದಂಥ ಗುರುತು ಬಿದ್ದಿತು.

ಕಾರಣ ಒತ್ತಡ. ಅಲ್ಲಿನ ಕಲ್ಲನ್ನು ಒಂದು ದಿಕ್ಕಿನಿಂದ ಹೆಚ್ಚಾಗಿ ಒತ್ತಿದಂತಿತ್ತು. ಸುರಂಗ ತೋಡಿದಾಗ ಅಲ್ಲಿದ್ದ ಕಲ್ಲು ಹೊರುತ್ತಿದ್ದ ಭಾರವನ್ನು ಪಕ್ಕದ ಕಲ್ಲು ಹೊರಬೇಕಾಯಿತು. ಭಾರ ಹೆಚ್ಚಾದ ಕಡೆ ಬಿರುಕು ಬಿಟ್ಟಿತು. ಆ ಪ್ರಯೋಗಾಲಯದಲ್ಲಿ ಮುಂದೆ ಮೊಟ್ಟೆಯಾಕಾರದ ಸುರಂಗಗಳನ್ನೂ ತೋಡಿ ಪರೀಕ್ಷಿಸಿದರು. ಒತ್ತಡದ ದಿಕ್ಕಿಗೆ ಹೊಂದುವ ಆಕಾರ ಆರಿಸಿದರೆ ಕಲ್ಲಿಗೆ ಆಗುವ ಪೆಟ್ಟು ಕಡಿಮೆ ಎಂದು ಕಲಿತರು. 2010ರಲ್ಲಿ ಆ ಪ್ರಯೋಗಾಲಯವನ್ನು ಮುಚ್ಚಿದರು. ಆದರೆ ಅದು ಕಲಿಸಿದ ಪಾಠ ದೊಡ್ಡದು: ಗಟ್ಟಿ ಕಲ್ಲು ಸಿಕ್ಕಿದರೆ ಸಾಲದು, ಕಣಜ ತೋಡುವ ಕೆಲಸವೇ ಆ ಕಲ್ಲಿನಲ್ಲಿ ಬಿರುಕು ಹುಟ್ಟಿಸಬಹುದು.

ಕೋಲಾರದಲ್ಲಿ ನಡೆದ ಪ್ರಯೋಗ

ನಮ್ಮ ರಾಜ್ಯಕ್ಕೂ ಈ ವಿಷಯಕ್ಕೂ ಸಂಬಂಧವಿದೆ. ಕೋಲಾರ ಜಿಲ್ಲೆಯ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿದ್ದವು. ಅಲ್ಲಿ ದುಡಿದವರಿಗೆ ಕಲ್ಲಿನ ಸದ್ದು ಎಂದರೆ ಪ್ರಾಣದ ಪ್ರಶ್ನೆ. ಒತ್ತಡ ತಾಳಲಾರದೆ ಕಲ್ಲು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಹಾಗಾಗಿ ಕಲ್ಲಿನ ಕಂಪನಗಳನ್ನು ಉಪಕರಣಗಳಿಂದ ಆಲಿಸುವ ಕೆಲಸ ಅಲ್ಲಿ ನಡೆದಿತ್ತು.

1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಗಣಿಯ, ಬಳಕೆಯಲ್ಲಿಲ್ಲದ ಒಂದು ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ ಪ್ರಯೋಗ ನಡೆಸಿದರು. ಕಲ್ಲಿನಲ್ಲಿ ತೂತು ಕೊರೆದು ವಿದ್ಯುತ್ ಹೀಟರುಗಳನ್ನು ಇಟ್ಟರು. ತ್ಯಾಜ್ಯ ಬಿಸಿಯಾಗಿರುತ್ತದಲ್ಲವೇ? ಆ ಬಿಸಿಗೆ ಕಲ್ಲು ಹೇಗೆ ಹಿಗ್ಗುತ್ತದೆ, ಒತ್ತಡ ಹೇಗೆ ಬದಲಾಗುತ್ತದೆ ಎಂದು ತಿಳಿಯುವುದು ಉದ್ದೇಶ. ಪ್ರಯೋಗಕ್ಕೆ ಬಳಸಿದ್ದು ಹೀಟರುಗಳನ್ನು ಮಾತ್ರ, ವಿಕಿರಣ ತ್ಯಾಜ್ಯವನ್ನಲ್ಲ. ಗಣಿ 2001ರಲ್ಲಿ ಮುಚ್ಚಿತು. ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಸಂಸ್ಕರಿಸಿ, ಅದರಿಂದ ಉಳಿಯುವ ಹೆಚ್ಚು ವಿಕಿರಣದ ತ್ಯಾಜ್ಯವನ್ನು ಗಾಜಿನೊಂದಿಗೆ ಬೆರೆಸಿ ಗಟ್ಟಿ ಮಾಡಿ ಕಾವಲಿನಲ್ಲಿ ಇಡುತ್ತಾರೆ. ಆಳದ ಶಾಶ್ವತ ಕಣಜವನ್ನು ನಮ್ಮಲ್ಲಿ ಇನ್ನೂ ಕಟ್ಟಿಲ್ಲ.

ಶಬ್ದಕ್ಕೂ ಮಿತಿಯಿದೆ

ಶಬ್ದ ಎಲ್ಲವನ್ನೂ ಹೇಳುತ್ತದೆಯೇ? ಇಲ್ಲ. ಒಂದು, ಬಾವಿಯೊಳಗಿನ ಉಪಕರಣಕ್ಕೆ ತಿಳಿಯುವುದು ಬಾವಿಯ ಗೋಡೆಯ ಸಮೀಪದ ಕಲ್ಲಿನ ವಿಷಯ ಮಾತ್ರ. ಐವತ್ತು ಮೀಟರ್ ಆಚೆ ದೊಡ್ಡ ಬಿರುಕಿದ್ದರೂ ಅದು ಇದಕ್ಕೆ ಕೇಳಿಸದೆ ಹೋಗಬಹುದು. ಅದಕ್ಕಾಗಿ ಒಂದು ಬಾವಿಯಲ್ಲಿ ಸದ್ದು ಮಾಡಿ ಇನ್ನೊಂದು ಬಾವಿಯಲ್ಲಿ ಕೇಳುವ ವಿಧಾನವನ್ನೂ ಬಳಸುತ್ತಾರೆ. ಹಲವು ದಾರಿಗಳ ಸಮಯವನ್ನು ಸೇರಿಸಿದರೆ ನಡುವಿನ ಕಲ್ಲಿನ ಚಿತ್ರ ಸಿಗುತ್ತದೆ.

ಎರಡು, ಬಿರುಕು ಇರುವುದು ಬೇರೆ, ಅದರಲ್ಲಿ ನೀರು ಹರಿಯುವುದು ಬೇರೆ. ಎಷ್ಟೋ ಹಳೆಯ ಬಿರುಕುಗಳನ್ನು ಖನಿಜಗಳು ತುಂಬಿ ಬೆಸುಗೆ ಹಾಕಿರುತ್ತವೆ. ಆದ್ದರಿಂದ ಅನುಮಾನವಿರುವ ಜಾಗದ ಮೇಲೂ ಕೆಳಗೂ ರಬ್ಬರ್ ಬಿರಡೆ ಬಿಗಿದು, ನಡುವೆ ನೀರನ್ನು ಒತ್ತಿ ಅಥವಾ ಎಳೆದು, ಅದು ಎಷ್ಟು ಬೇಗ ಹರಿಯುತ್ತದೆಂದು ಅಳೆಯುತ್ತಾರೆ. ಹೊರತೆಗೆದ ಕಲ್ಲಿನ ಕೋಲನ್ನೂ ಕಣ್ಣಿಂದ ನೋಡುತ್ತಾರೆ. ಶಬ್ದ, ನೀರು, ಕಲ್ಲು – ಈ ಮೂರೂ ಸಾಕ್ಷಿಗಳ ಮಾತು ಹೊಂದಿದರೆ ಮಾತ್ರ ನಂಬುತ್ತಾರೆ.

ಮೂರು, "ಹಾಗಾದರೆ ನೂರಾರು ಬಾವಿ ಕೊರೆದು ಎಲ್ಲವನ್ನೂ ತಿಳಿಯೋಣ" ಎನ್ನುವಂತಿಲ್ಲ. ಪ್ರತಿ ಬಾವಿಯೂ ಆ ಕಲ್ಲಿನಲ್ಲಿ ನಾವೇ ಮಾಡಿದ ಒಂದು ತೂತು, ನೀರಿಗೆ ಒಂದು ಹೊಸ ದಾರಿ! ಪರೀಕ್ಷೆ ಮುಗಿದ ಮೇಲೆ ಬಾವಿಯನ್ನು ಭದ್ರವಾಗಿ ಮುಚ್ಚಬೇಕು. ಮಡಕೆಯನ್ನು ತಟ್ಟಬೇಕು, ಆದರೆ ಒಡೆಯುವಷ್ಟು ತಟ್ಟಬಾರದು.

ಕಲ್ಲಿನ ಒಪ್ಪಿಗೆ, ಜನರ ಒಪ್ಪಿಗೆ

ಕೆನಡಾದ ಒಂಟಾರಿಯೋ ಪ್ರಾಂತದ ವಾಯವ್ಯ ಭಾಗದಲ್ಲಿ, ಇಗ್ನೇಸ್ ಎಂಬ ಊರಿನ ಸಮೀಪ, ಸುಮಾರು 270 ಕೋಟಿ ವರ್ಷ ಹಳೆಯ ಗ್ರಾನೈಟ್ ಜಾತಿಯ ಕಲ್ಲಿದೆ. 2017ರಿಂದ ಅಲ್ಲಿ ಸುಮಾರು ಒಂದು ಕಿಲೋಮೀಟರ್ ಆಳದ ಆರು ಬಾವಿಗಳನ್ನು ಕೊರೆದು, ನಾವು ಮೇಲೆ ನೋಡಿದಂಥ ಪರೀಕ್ಷೆಗಳನ್ನು ಮಾಡಿದರು. 650 ಮೀಟರಿಗೂ ಹೆಚ್ಚು ಆಳದಲ್ಲಿ ಕಣಜ ಕಟ್ಟುವ ಯೋಚನೆ ಅವರದು.

ಆದರೆ ಕಲ್ಲು ಗಟ್ಟಿ ಎಂದ ಮಾತ್ರಕ್ಕೆ ಕೆಲಸ ಶುರುವಾಗಲಿಲ್ಲ. ಆ ನೆಲ ತಲೆತಲಾಂತರದಿಂದ ಮೂಲನಿವಾಸಿಗಳ ನೆಲ. ವಾಬಿಗೂನ್ ಲೇಕ್ ಒಜಿಬ್ವೆ ಜನರೂ ಇಗ್ನೇಸ್ ಊರಿನವರೂ ತಮ್ಮ ತಮ್ಮಲ್ಲಿ ಚರ್ಚಿಸಿ, ಮತ ಹಾಕಿ, ಮುಂದಿನ ಹೆಜ್ಜೆಗೆ ಸಮ್ಮತಿ ಹೇಳಿದ ಮೇಲೆ 2024ರ ನವೆಂಬರಿನಲ್ಲಿ ಆ ಜಾಗವನ್ನು ಆರಿಸಿದರು. ಇದಾದ ಮೇಲೂ ಕಾನೂನಿನ ಪ್ರಕಾರ ನಡೆಯಬೇಕಾದ ಪರಿಶೀಲನೆಗಳು ಹಲವು. ಅದು ಸರಿಯೇ. ಕಲ್ಲಿನ ಬಗ್ಗೆ ವಿಜ್ಞಾನಿಗಳು ಹೇಳಬಲ್ಲರು. ಆ ಕಲ್ಲಿನ ಮೇಲೆ ಬದುಕುವವರ ಪರವಾಗಿ ಅವರೇ ಮಾತನಾಡಬೇಕು.

ಮಕ್ಕಳೇ, ಇಂದು ನಾವು ಹಾಕುವ ದೀಪದ ಬೆಳಕು ಒಂದು ರಾತ್ರಿಯದು. ಅದರಿಂದ ಉಳಿಯುವ ತ್ಯಾಜ್ಯ ಮುಂದಿನ ಸಾವಿರಾರು ತಲೆಮಾರುಗಳದು. ಅವರು ಯಾವ ಭಾಷೆ ಆಡುತ್ತಾರೋ, ಹೇಗೆ ಬದುಕುತ್ತಾರೋ ನಾವರಿಯೆವು. ಆದರೆ ಅವರೂ ಬಾಯಾರಿದಾಗ ನೀರು ಕುಡಿಯುತ್ತಾರೆ ಎಂಬುದು ಖಂಡಿತ. ಆ ನೀರು ಶುದ್ಧವಾಗಿರಲಿ ಎಂಬುದಕ್ಕಾಗಿಯೇ ಈ ಎಲ್ಲ ಪರೀಕ್ಷೆ, ಇಷ್ಟೊಂದು ತಾಳ್ಮೆ.

ಯೋಚಿಸಿ, ಚರ್ಚಿಸಿ
1. ದ್ವಿತೀಯ ಅಲೆ ಸೊರಗಿದೆ, ಆದರೆ ನೀರಿನ ಪರೀಕ್ಷೆಯಲ್ಲಿ ನೀರು ಹರಿಯಲಿಲ್ಲ. ನೀವು ಏನೆಂದು ತೀರ್ಮಾನಿಸುವಿರಿ? ಇನ್ನಾವ ಪರೀಕ್ಷೆ ಬೇಕು?
2. 24,000 ವರ್ಷಗಳ ನಂತರದವರಿಗೂ ಅರ್ಥವಾಗುವಂಥ ಎಚ್ಚರಿಕೆಯ ಚಿತ್ರವೊಂದನ್ನು ಅಕ್ಷರಗಳಿಲ್ಲದೆ ಬರೆಯಿರಿ. ತರಗತಿಯಲ್ಲಿ ಬೇರೆಯವರಿಗೆ ತೋರಿಸಿ, ಅವರಿಗೆ ಏನು ಅರ್ಥವಾಯಿತು ಎಂದು ಕೇಳಿ.
3. ನಿಮ್ಮ ಊರಿನ ಹಿರಿಯರನ್ನು ಕೇಳಿ: ನಿಮ್ಮಲ್ಲಿ ಹಗೇವು ಇತ್ತೇ? ಅದರ ಜಾಗವನ್ನು ಹೇಗೆ ಆರಿಸುತ್ತಿದ್ದರು?
4. ತಟ್ಟಿ, ಕುಟ್ಟಿ, ಶಬ್ದ ಕೇಳಿ ಪರೀಕ್ಷಿಸುವ ಐದು ಸಂದರ್ಭಗಳನ್ನು ಪಟ್ಟಿ ಮಾಡಿ. ವೈದ್ಯರನ್ನು ಮರೆಯಬೇಡಿ.

ಲೆಕ್ಕದ ಉತ್ತರ: 120 ಮೈಕ್ರೋಸೆಕೆಂಡ್ ಆದಾಗ ವೇಗ ಸೆಕೆಂಡಿಗೆ 5,000 ಮೀಟರ್; 150 ಮೈಕ್ರೋಸೆಕೆಂಡ್ ಆದಾಗ 4,000 ಮೀಟರ್. ಹೆಚ್ಚು ಅನುಮಾನಿಸಬೇಕಾದದ್ದು ಕೊನೆಯ ಜಾಗವನ್ನು.